ಅಕಾಲಜಾತ ಶಿಶುವಿನ ರಕ್ಷಣವೂ ಅದರ ವ್ಯಯವಿಚಾರವೂ

ಗರ್ಭವು ನಾಲ್ಕು ತಿಂಗಳೊಳಗೆ ನಷ್ಟವಾದರೆ ಸ್ರಾವವೆಂದೂ, ಐದಾರನೆಯ ತಿಂಗಳುಗಳಲ್ಲಿ ಬಿದ್ದರೆ ಪಾತವೆಂದೂ, ಅದರ ಮೇಲಾದುದು ಪ್ರಸೂತಿಯೆಂದೂ ಪರಾಶರಸ್ಮೃತಿಯು ವಿಭಾಗಿಸಿರುವುದು. ಸ್ರಾವಪಾತಗಳಿಗೆ ಸುಶ್ರುತನೂ ಇದೇ ಎಲ್ಲೆಯನ್ನು ಹೇಳಿರುವನು. ಸ್ಮೃತಿಕಾರನಿಗೆ ಬೇಕಾಗಿದ್ದುದು ಆಶೌಚನಿರ್ಣಯ, ವೈದ್ಯನಿಗೆ ಬೇಕಾಗಿದ್ದುದು ಚಿಕಿತ್ಸಾಕ್ರಮ. ಈಗಿನ ವೈದ್ಯಶಾಸ್ತ್ರವು 28 ವಾರಗಳು ತುಂಬುವ ಮೊದಲೇ ಹುಟ್ಟಿದ ಕೂಸನ್ನು ಅತ್ಯಂತ ಅಕಾಲಜಾತವೆಂದು ಗಣಿಸುವುದು. ಇಪ್ಪತ್ತನಾಲ್ಕು ವಾರಗಳ ಕೂಸು ಸ್ಮೃತಿಯ ಲೆಕ್ಕದಲ್ಲಿ ಪಾತವೇ ಸರಿ. ಇಂದಾದರೋ ಅದು ಬದುಕಿಕೊಳ್ಳಲೂಬಹುದು. ಧರ್ಮಸಂಕಟವು ಹುಟ್ಟುವುದು ಈ 'ಬಹುದು' ಎಂಬಲ್ಲಿಯೇ.

1878ನೆಯ ಇಸವಿಯ ಅಂತ್ಯದಲ್ಲಿ ಮಂಗಳೂರಿಗೆ ಬಂದ ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು. ಹೆಚ್ಚುಕಡಮೆ ಅದೇ ಕಾಲದಲ್ಲಿ ಪ್ಯಾರಿಸಿನ ಹೆರಿಗೆ ಆಸ್ಪತ್ರೆಯಲ್ಲಿ ತಾರ್ನಿಯೇ ಎಂಬ ವೈದ್ಯನು, ಕೋಳಿಮರಿಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಮಾದರಿಯಾಗಿಟ್ಟುಕೊಂಡು, ಶಿಶುಗಳಿಗೆ ಶಾಖದ ಪೆಟ್ಟಿಗೆಯನ್ನು ಮಾಡಿಸಿದನು. 2 ಕಿಲೋಗ್ರಾಮಿಗಿಂತ ಕಡಮೆ ತೂಕದ ಶಿಶುಗಳ ಮರಣವು ನೂರಕ್ಕೆ 66ರಿಂದ 38ಕ್ಕೆ ಇಳಿಯಿತು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ಹಣವೆಲ್ಲಿಂದ ಎಂಬ ಪ್ರಶ್ನೆಯು ಎರಡು ಕಡೆಯೂ ಒಂದೇ. ಮುಲ್ಲರ್ ಅವರು ಔಷಧವಿಕ್ರಯದ ಆದಾಯದಿಂದ ಧರ್ಮಚಿಕಿತ್ಸೆಯನ್ನು ಸಾಗಿಸಿದರು. ಅಮೇರಿಕೆಯ ಕೋನಿ ಐಲೆಂಡಿನಲ್ಲಿ ಮಾರ್ಟಿನ್ ಕೂನಿ ಎಂಬಾತನು 1903ರಿಂದ 1943ರವರೆಗೆ ಇಂಥ ಕೂಸುಗಳನ್ನು ಪೆಟ್ಟಿಗೆಗಳಲ್ಲಿಟ್ಟು, ನೋಡಬಂದ ಜನರಿಂದ 25 ಸೆಂಟುಗಳ ಶುಲ್ಕವನ್ನೆತ್ತಿ, ತಂದೆತಾಯಿಗಳಿಂದ ಬಿಡಿಗಾಸನ್ನೂ ಪಡೆಯದೆ ಸಾಕಿದನು. ಶಿಶುಗಳನ್ನು ಜಾತ್ರೆಯ ನೋಟವಾಗಿಸಿದನೆಂದು ಅವನನ್ನು ದೂಷಿಸಿದವರುಂಟು. ಆದರೆ ಆಗಿನ ಬಹುಪಾಲು ಆಸ್ಪತ್ರೆಗಳಲ್ಲಿ ಅಂಥ ಪೆಟ್ಟಿಗೆಯೇ ಇರಲಿಲ್ಲವೆಂಬುದನ್ನು ಮರೆತು ಅವನನ್ನು ತೂಗುವುದು ನ್ಯಾಯವಲ್ಲವೆಂದು ನಮ್ಮ ಮತ.

ಕಂಕನಾಡಿಯ ಆ ಔಷಧಾಲಯವು ಬೆಳೆದು 1999ರಲ್ಲಿ ವೈದ್ಯಕೀಯ ಕಾಲೇಜಾಯಿತು. ಅಷ್ಟರೊಳಗೆ, 1980ರಲ್ಲಿ, ಜಪಾನಿನ ಫುಜಿವಾರ ಎಂಬವರು ಶ್ವಾಸಕೋಶಗಳನ್ನು ಅರಳಿಸುವ ಔಷಧವನ್ನು ಪ್ರಯೋಗಿಸಿ ತೋರಿಸಿದ್ದರು. ಬದುಕುವ ಆಸೆಯೊಡನೆ ವೆಚ್ಚವೂ ಬೆಳೆಯಿತು. ಉಸಿರಾಟದ ಯಂತ್ರ, ದಾದಿಯರ ಅಹೋರಾತ್ರ ಕಾವಲು, ಹೀಗೆ ವಾರಗಳೇ ಅಲ್ಲ, ತಿಂಗಳುಗಳೂ ಸಲ್ಲುವುವು. 2011ರ ಜನನೀ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರೀ ಆಸ್ಪತ್ರೆಗಳಲ್ಲಿ ನವಜಾತರೋಗಿಗೆ ಉಚಿತ ಚಿಕಿತ್ಸೆಯನ್ನು ವಿಧಿಸಿತು. 2018ರ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯು ಬಡತನರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಶ್ರಯವನ್ನಿತ್ತಿತು. ಉಳಿದವರಿಗೆ ನಿಗದಿಯಾದ ದರದ ನೂರಕ್ಕೆ 30 ಭಾಗ ಮಾತ್ರ. ರೇಖೆಯ ಕೊಂಚವೇ ಮೇಲಿರುವ ಗೃಹಸ್ಥನು ಒಡವೆಯನ್ನು ಅಡವಿಡದೆ ಏನು ಮಾಡುವನು?

ಬದುಕಿದ ಕೂಸುಗಳಲ್ಲಿ ಕೆಲವಕ್ಕೆ ದೃಷ್ಟಿನಾಶವೋ ಮೆದುಳಿನ ಊನವೋ ಉಳಿಯಬಹುದು. ಸುಪ್ರೀಂ ಕೋರ್ಟು 2018ರಲ್ಲಿ ಘನತೆಯ ಮರಣವನ್ನು ಮನ್ನಿಸಿ, ತನ್ನ ಚಿಕಿತ್ಸೆಯ ವಿಷಯವಾಗಿ ಮುಂದಾಗಿಯೇ ಲಿಖಿತರೂಪದಲ್ಲಿ ಇಚ್ಛೆಯನ್ನು ತಿಳಿಸುವ ಅಧಿಕಾರವನ್ನು ವಯಸ್ಕನಿಗೆ ಕೊಟ್ಟಿತು. ಹುಟ್ಟಿದ ಕೂಸಿಗೆ ಇಚ್ಛಾಪತ್ರವೆಲ್ಲಿಯದು? ಯಂತ್ರವನ್ನು ನಿಲ್ಲಿಸಿರೆಂದು ತಂದೆಯು ನುಡಿದಾಗ ಅದರಲ್ಲಿ ಶಿಶುವಿನ ಹಿತವೆಷ್ಟು, ಸಾಲದ ಭಯವೆಷ್ಟು ಎಂಬುದನ್ನು ವೈದ್ಯನು ಬೇರ್ಪಡಿಸಲಾರನು, ತಂದೆಯೂ ಬೇರ್ಪಡಿಸಲಾರನು. ಆದುದರಿಂದ ಮೊದಲು ಹಣದ ಭಯವನ್ನು ತೆಗೆದು, ಆಮೇಲೆ ಅವನ ಅಭಿಪ್ರಾಯವನ್ನು ಕೇಳುವುದೇ ಕ್ರಮವೆಂದು ತೋರುವುದು.