ಪೆನ್ಸಿಲ್, ವೀರಗಲ್ಲು ಮತ್ತು ಒಂದಷ್ಟು ಭಾನುವಾರಗಳು

ನಾನು ಪೆನ್ಸಿಲ್ ಕೆಳಗಿಟ್ಟು ಹತ್ತಿರ ಹತ್ತಿರ ಐದಾರು ವರ್ಷ ಆಗಿತ್ತು. ದೊಡ್ಡ ಕಾರಣ ಏನೂ ಇಲ್ಲ. ಮೊದಲು ಕೆಲಸ ಜಾಸ್ತಿ ಅಂತ ಒಂದೆರಡು ಭಾನುವಾರ ತಪ್ಪಿತು. ಆಮೇಲೆ 2020 ಬಂತು, ಎಲ್ಲರ ಹಾಗೆ ಮನೆಯೊಳಗೆ ಕೂತೆ. ಕೂತಿದ್ದು ಹಾಗೇ ಅಭ್ಯಾಸ ಆಗಿಹೋಯಿತು. ಮುಂಚೆಯೆಲ್ಲ ಬೆಳಿಗ್ಗೆ ತಿಂಡಿ ಮುಗಿಸಿ ಸ್ಕೂಟರ್ ಹತ್ತಿದರೆ ಯಾವುದಾದರೂ ಹಳೇ ಗುಡಿಯ ಮುಂದೆ ಕೂತು ಗೀಚಿಕೊಂಡು ಮಧ್ಯಾಹ್ನ ಊಟಕ್ಕೆ ವಾಪಸ್ ಬರ್ತಿದ್ದೆ. ಆ ಮನುಷ್ಯ ಎಲ್ಲಿ ಹೋದ ಅಂತ ನನಗೇ ಗೊತ್ತಿರಲಿಲ್ಲ.

ಈ ಸಲ ಸಂಕ್ರಾಂತಿಗೆ ಅಟ್ಟ ಕ್ಲೀನ್ ಮಾಡುವಾಗ ಆ ಹಳೇ ಪುಸ್ತಕ ಸಿಕ್ಕಿತು. ಕೊನೆಯ ಚಿತ್ರದ ಕೆಳಗೆ ನವೆಂಬರ್ 2019 ಅಂತ ಬರೆದಿದ್ದೆ. ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರದ ಒಂದು ಕೆರೆ ಏರಿ ಮೇಲೆ, ಬೇವಿನ ಮರದ ಬುಡದಲ್ಲಿ ಅರ್ಧ ಹೂತಿದ್ದ ವೀರಗಲ್ಲು. ಕೈಯಲ್ಲಿ ಬಿಲ್ಲು, ಸೊಂಟದಲ್ಲಿ ಕಠಾರಿ, ಪಕ್ಕಕ್ಕೆ ತಿರುಗಿಸಿದ ತುರುಬು. ತುರುಬನ್ನಂತೂ ಎಳೆ ಎಳೆಯಾಗಿ ಬರೆದಿದ್ದೇನೆ, ನೆರಳು ಕೂಡ ಚೆನ್ನಾಗಿ ಬಂದಿದೆ (ನಾನೇ ಹೇಳ್ಕೋಬೇಕು). ಕಲ್ಲಿನ ಮೇಲ್ತುದಿಯಲ್ಲಿ ಮೂರೋ ನಾಲ್ಕೋ ಸಾಲು ಅಕ್ಷರ ಇತ್ತು. ಹಳಗನ್ನಡ ಲಿಪಿ. ನನಗೆ ಓದೋಕೆ ಬರಲಿಲ್ಲ, ಹಾಗಾಗಿ ಆ ಜಾಗದಲ್ಲಿ ಸುಮ್ಮನೆ ಹಾವಿನ ಹಾಗೆ ಅಂಕುಡೊಂಕು ಗೆರೆ ಎಳೆದು ಬಿಟ್ಟಿದ್ದೇನೆ. ಅವತ್ತು ಅದು ತಪ್ಪು ಅಂತ ಅನ್ನಿಸಿರಲೇ ಇಲ್ಲ.

ಸರಿ, ಮತ್ತೆ ಶುರು ಮಾಡೋದಾದರೆ ಬಿಟ್ಟ ಕಡೆಯಿಂದಲೇ ಶುರು ಮಾಡೋಣ ಅಂತ ಮುಂದಿನ ಭಾನುವಾರ ಅಲ್ಲಿಗೆ ಹೋದೆ. ಏರಿ ಅಗಲ ಆಗಿದೆ. ಟೈಲ್ಸ್ ಹಾಕಿದ ವಾಕಿಂಗ್ ದಾರಿ, ಕಬ್ಬಿಣದ ಬೇಲಿ, ಪಕ್ಕದಲ್ಲಿ ಕಾಂಕ್ರೀಟ್ ಮೋರಿ. ಬೇವಿನ ಮರ ಇಲ್ಲ, ಕಲ್ಲೂ ಇಲ್ಲ. ಎದುರಿನ ಟೀ ಅಂಗಡಿಯವರನ್ನು ಕೇಳಿದೆ.

"ಯಾವ್ದು ಸಾರ್, ಆ ವೀರರ ಕಲ್ಲಾ? ಮೋರಿ ಕೆಲಸ ಆದಾಗ ಜೆಸಿಬಿಯೋರು ಎತ್ತಾಕಿದ್ರು. ಒಂದಷ್ಟು ದಿನ ಇಲ್ಲೇ ಬಿದ್ದಿತ್ತು. ಆಮೇಲೆ ಮಣ್ಣಿನ ಜೊತೆ ಲಾರೀಲಿ ಹೋಯ್ತೋ ಏನೋ..."

ಟೀ ಕುಡಿದು ವಾಪಸ್ ಬಂದೆ. ಅಂದರೆ ಈಗ ಆ ಕಲ್ಲಿನ ಗುರುತು ಅಂತ ಉಳಿದಿರೋದು ನನ್ನ ಪುಸ್ತಕದ ಆ ಒಂದು ಪುಟ ಇರಬಹುದು. ಅದರಲ್ಲಿ ತುರುಬು ಇದೆ, ಹೆಸರು ಇಲ್ಲ.

ಹೆಸರು ಇಲ್ಲದಿದ್ದರೆ ಏನು ಮಹಾ ಅಂತೀರಾ? ಬೇಗೂರಿನ ಕಥೆ ಕೇಳಿ. ಬೆಂಗಳೂರು ಅನ್ನೋ ಹೆಸರು ಹೇಗೆ ಬಂತು ಅಂದರೆ ನಮಗೆಲ್ಲ ಸ್ಕೂಲಿನಿಂದ ಗೊತ್ತಿರೋದು ಬೆಂದಕಾಳೂರು. ಹೊಯ್ಸಳ ವೀರಬಲ್ಲಾಳ ಕಾಡಲ್ಲಿ ದಾರಿ ತಪ್ಪಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅಷ್ಟೇ. ವೀರಬಲ್ಲಾಳ, ಅಂದರೆ ಎರಡನೇ ಬಲ್ಲಾಳ, ಆಳಿದ್ದು 1173ರಿಂದ 1220ರವರೆಗೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲು ಇದೆ. ಗಂಗರ ಕಾಲದ್ದು. ನಾಗತ್ತರ ಅನ್ನೋ ಅಧಿಕಾರಿಯ ಕಡೆಯವರು 'ಬೆಂಗಳೂರ ಕಾಳಗ'ದಲ್ಲಿ ಸತ್ತರು ಅಂತ ಅದರಲ್ಲಿದೆ. ಕೆಲವೇ ಸಾಲು. ಅಜ್ಜಿ ಕಾಳು ಬೇಯಿಸೋದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಈ ಹೆಸರು ಇತ್ತು, ಆ ಹೆಸರಿನಲ್ಲಿ ಒಂದು ಜಗಳವೂ ಆಗಿತ್ತು! ಕೆಂಪೇಗೌಡರು ಪೇಟೆ ಕಟ್ಟಿಸಿದ 1537 ಅಂತೂ ಇನ್ನೂ ಆರೂವರೆ ಶತಮಾನ ಆಚೆಗೆ.

ಆ ಕಲ್ಲನ್ನು ಮೊದಲು ಓದಿದ ನನ್ನಂಥ ಯಾರೋ ಒಬ್ಬರು ಅಕ್ಷರದ ಜಾಗದಲ್ಲಿ ಅಂಕುಡೊಂಕು ಗೆರೆ ಎಳೆದು ಸುಮ್ಮನಾಗಿದ್ದಿದ್ದರೆ? ಪುಣ್ಯಕ್ಕೆ ಅದನ್ನು ಬೆಳಕಿಗೆ ತಂದವರು ಆರ್. ನರಸಿಂಹಾಚಾರ್, 'ಕರ್ನಾಟಕ ಕವಿಚರಿತೆ' ಬರೆದವರು. ಅವರಿಗಿಂತ ಹಿಂದಿನವರು ಬಿ. ಎಲ್. ರೈಸ್. ರೈಸ್ ಹುಟ್ಟಿದ್ದೇ ಬೆಂಗಳೂರಲ್ಲಿ, 1837ರಲ್ಲಿ. ಅವರಪ್ಪ ಮಿಷನರಿ. ನನಗೆ ಇಷ್ಟವಾದ ವಿಷಯ ಏನಂದರೆ, ಈ ಮನುಷ್ಯನ ಮೂಲ ಕೆಲಸ ಶಾಸನ ಓದೋದಲ್ಲ. ಮೇಷ್ಟ್ರಾಗಿ ಶುರು ಮಾಡಿ ಶಿಕ್ಷಣ ಇಲಾಖೆಯಲ್ಲಿ ಮೇಲೆ ಬಂದವರು. ಮೇಜರ್ ಡಿಕ್ಸನ್ ಅಂತ ಒಬ್ಬರು 1865ರಲ್ಲಿ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದಿದ್ದರು. ಅವನ್ನು ಓದಿ ಇಂಗ್ಲಿಷಿಗೆ ತರುವ ಕೆಲಸ ರೈಸ್ ಪಾಲಿಗೆ ಬಂತು, 1879ರಲ್ಲಿ ಪುಸ್ತಕವಾಯಿತು. ಅಲ್ಲಿಂದ ಹಿಡಿದ ಹುಚ್ಚು ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳವರೆಗೆ ಹೋಯಿತು. ಬೆಂಗಳೂರು ಜಿಲ್ಲೆಯದು ಒಂಬತ್ತನೇ ಸಂಪುಟ, 1905ರದ್ದು. ಊರು, ಕಲ್ಲು ಇದ್ದ ಜಾಗ, ಕನ್ನಡದಲ್ಲಿ ಪಾಠ, ಇಂಗ್ಲಿಷ್ ಅನುವಾದ, ಎಲ್ಲ ಇದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತೆ, ನಿಮ್ಮ ಏರಿಯಾ ಹೆಸರು ಹುಡುಕಿ ನೋಡಿ, ಅರ್ಧ ರಾತ್ರಿ ಹೋಗಿದ್ದೇ ಗೊತ್ತಾಗಲ್ಲ.

ನಾನೂ ಹುಡುಕಿದೆ. ನಮ್ಮ ಕೆರೆಯ ಊರಿನ ಹೆಸರಲ್ಲಿ ಒಂದು ಶಾಸನ ಇದೆ. ಆದರೆ ಅದು ನಾನು ನೋಡಿದ ಕಲ್ಲೇನಾ? ಒಂದೇ ಒಂದು ಸಾಲನ್ನಾದರೂ ಇದ್ದ ಹಾಗೆ ನಕಲು ಮಾಡಿಕೊಂಡಿದ್ದರೆ ಹೋಲಿಸಬಹುದಿತ್ತು. ಗೆರೆ ಜೊತೆ ಏನು ಹೋಲಿಸೋದು...

ಇದೇ ಕೊರಗಿನಲ್ಲಿ ಫೆಬ್ರವರಿಯಲ್ಲಿ ಹೆಬ್ಬಾಳಕ್ಕೆ ಹೋದೆ. ಅಲ್ಲಿನ ಕಥೆ ನನ್ನದಕ್ಕೆ ಪೂರ್ತಿ ಉಲ್ಟಾ. 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಸಿಕ್ಕಿತು. ಶಾಸನಗಳ ಮೇಲೆ ಆಸಕ್ತಿ ಇಟ್ಟುಕೊಂಡು ಬಿಡುವಿನಲ್ಲಿ ಊರೂರು ಸುತ್ತುತ್ತಿದ್ದವರು ಅದನ್ನು ಗುರುತಿಸಿದರು, ತಿಳಿದವರು ಓದಿದರು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಅನ್ನೋನು ರಟ್ಟವಾಡಿಯವರ, ಅಂದರೆ ರಾಷ್ಟ್ರಕೂಟರ ದಾಳಿಯಲ್ಲಿ ಕಾದಾಡಿ ಸತ್ತ ಅಂತ ಇದೆ. ಬೇಗೂರಿನದಕ್ಕಿಂತ ಸುಮಾರು ನೂರ ನಲವತ್ತು ವರ್ಷ ಹಳೆಯದು. ಊರಿನ ಹೆಸರೂ ಅದರಲ್ಲಿದೆ: 'ಪೆರ್ಬೊಳಲ್ ನಾಡು'. ಪೆರ್ ಅಂದರೆ ದೊಡ್ಡ, ಪೊಳಲ್ ಅಂದರೆ ಪಟ್ಟಣ. ಹಳಗನ್ನಡದ ಪಕಾರ ಹಕಾರವಾಗುತ್ತಲ್ಲ, ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ, ಅದೇ ದಾರಿಯಲ್ಲಿ ಪೆರ್ಬೊಳಲ್ ಹೆಬ್ಬಾಳ ಆಯಿತು. ಫ್ಲೈಓವರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಬೈದುಕೊಳ್ಳುವಾಗ ನೆನಪಿಟ್ಟುಕೊಳ್ಳಿ, ನೀವಿರೋದು 'ದೊಡ್ಡ ಪಟ್ಟಣ'ದಲ್ಲಿ :) ಈಗ ಆ ಕಲ್ಲಿಗೆ ಒಂದು ಮಂಟಪ ಆಗಿದೆ. ಕಿತ್ತಯ್ಯನನ್ನು ಬರೆಯೋಕೆ ಒಂದೂವರೆ ಗಂಟೆ ಹಿಡಿಯಿತು. ಕೈ ನಡುಗುತ್ತೆ, ಮೊದಲಿನ ಹಾಗೆ ಗೆರೆ ನಿಲ್ಲಲ್ಲ. ಮೂಗು ಮೂರು ಸಲ ಅಳಿಸಿದೆ.

ಬೇಗೂರಿಗೆ ಹೋಗಿದ್ದು ಮೊನ್ನೆ. ಇಷ್ಟು ವರ್ಷ ಬೆಂಗಳೂರಲ್ಲಿದ್ದು, ಚಿತ್ರ ಬರೆಯೋಕೆ ಅಂತ ಹಂಪಿಗೆ, ಬೇಲೂರಿಗೆ ಹೋಗಿ ಬಂದವನು ನಾನು. ಬೇಗೂರು ನೋಡಿರಲಿಲ್ಲ, ನಾಚಿಕೆಗೇಡು. ಬಸ್ ಸ್ಟಾಪು, ಅಪಾರ್ಟ್‌ಮೆಂಟು ಎಲ್ಲ ದಾಟಿ ಒಳಗೆ ಹೋದರೆ ಹೊಸ ಗೋಪುರಗಳ ಮಧ್ಯೆ ಗಂಗರ ಕಾಲದ ಗುಡಿ ತಣ್ಣಗೆ ಕೂತಿದೆ. ನಾಗತ್ತರನ ಇನ್ನೊಂದು ದೊಡ್ಡ ವೀರಗಲ್ಲೂ ಇದೇ ಊರಿನದು. ಆನೆ, ಕುದುರೆ, ಕಾಲಾಳುಗಳ ಯುದ್ಧದ ಕೆತ್ತನೆ ಇರೋದು. ಅದನ್ನು ಎಷ್ಟೋ ಹಿಂದೆ ಕಸ್ತೂರ್ಬಾ ರಸ್ತೆಯ ಮ್ಯೂಸಿಯಮ್ಮಿಗೆ ಸಾಗಿಸಿದ್ದಾರೆ. ಎರೆಯಪ್ಪ ದೊರೆಯ ಅಪ್ಪಣೆಯಂತೆ ಅಯ್ಯಪದೇವನ ಸಹಾಯಕ್ಕೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ಕಾದಿ ಸತ್ತ. ದೊರೆ ನಾಗತ್ತರ ಪಟ್ಟವನ್ನು ಇರುಗ ಅನ್ನೋನಿಗೆ ಕಟ್ಟಿ, ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ. ಬೆಂಪೂರು ಅಂದರೆ ಬೇಗೂರು. ಆ ಪಟ್ಟಿಯಲ್ಲಿ ಇಗ್ಗಲೂರು ಅಂತ ಒಂದು ಹೆಸರಿದೆ. ಆನೇಕಲ್ ತಾಲ್ಲೂಕಿನಲ್ಲಿ ಇಗ್ಗಲೂರು ಇವತ್ತೂ ಇದೆ. ನನ್ನ ಆಫೀಸಿನ ಕ್ಯಾಬ್ ಆ ಕಡೆಯಿಂದಲೇ ಓಡಾಡ್ತಿತ್ತು.

ಆ ದೊಡ್ಡ ಕಲ್ಲನ್ನು ಹಿಂದೆ ಮ್ಯೂಸಿಯಮ್ಮಿನಲ್ಲಿ ನೋಡಿದ್ದೆ, ಆನೆ ಚೆನ್ನಾಗಿದೆ ಅಂತ ಮುಂದೆ ಹೋಗಿದ್ದೆ. ಈ ಸಲ ಬೇಗೂರಿನಲ್ಲಿ ಹಾಗೆ ಮಾಡಲಿಲ್ಲ. 'ಬೆಂಗಳೂರ ಕಾಳಗ'ದ ಕಲ್ಲಿನ ಮುಂದೆ ಬಟ್ಟೆ ಹಾಸಿ ಕೂತೆ. ಬಿಸಿಲು ಓರೆಯಾಗಿದ್ದಾಗ ಅಕ್ಷರ ಚೆನ್ನಾಗಿ ಕಾಣುತ್ತೆ, ನೆತ್ತಿ ಮೇಲೆ ಬಂದರೆ ಮಾಯ. ಹಾಗಾಗಿ ಬೆಳಿಗ್ಗೆ ಏಳೂವರೆಗೇ ಹೋಗಿದ್ದೆ. ಚಿತ್ರ ಬರೆಯುವವನಿಗೆ ಓದೋಕೆ ಬರದಿರೋದೂ ಒಂದು ಲೆಕ್ಕದಲ್ಲಿ ಅನುಕೂಲವೇ. ಇದು 'ರ' ಇರಬೇಕು ಅಂತ ಊಹೆ ಮಾಡಿ ಬರೆಯಲ್ಲ, ಕಂಡ ಗುಂಡಗೆ, ಕಂಡ ಬಾಲ, ಅಷ್ಟನ್ನೇ ಬರೆಯೋದು. ಒಂದು ಸಾಲಿಗೆ ಇಪ್ಪತ್ತು ನಿಮಿಷ.

ಪೂಜೆಗೆ ಬಂದಿದ್ದ ಒಬ್ಬರು ಅಜ್ಜಿ ಹಿಂದೆ ನಿಂತು ನೋಡ್ತಿದ್ದರು. "ಏನಪ್ಪಾ, ಎಲ್ರೂ ಫೋನಲ್ಲಿ ಪಟ ತಕ್ಕೊಂಡ್ ಹೋಯ್ತಾರೆ, ನೀನು ಬರೀತಾ ಕೂತಿದ್ದೀಯಲ್ಲ, ಏನೈತೆ ಅದ್ರಲ್ಲಿ?"

"ಬೆಂಗಳೂರಲ್ಲಿ ಜಗಳ ಆಯ್ತಂತೆ ಅಜ್ಜಿ, ಈ ಊರಿನ ಕಡೆಯೋರು ಸತ್ತರಂತೆ."

"ಅಯ್ಯೋ ಪಾಪ. ಯಾವಾಗ?" ಅಂದರು.

ಸಾವಿರದ ನೂರು ವರ್ಷ ಆಯ್ತು ಅಂದೆ. ಅವರು ಕೈ ಮುಗಿದು ಒಳಗೆ ಹೋದರು. ನಾನು ಮುಂದಿನ ಸಾಲಿಗೆ ಪೆನ್ಸಿಲ್ ಚೂಪು ಮಾಡಿಕೊಂಡೆ.