ವಿನ್ಯಾಸ ತಂತ್ರಾಂಶಗಳ ಸ್ವಯಂಚಾಲನೆ ಮತ್ತು ಅದರ ದಾಖಲೆ

ನಕ್ಷೆ, ಪುಟ, ಚಿತ್ರ, ಸರ್ಕ್ಯೂಟ್ ಬೋರ್ಡ್ ಮೊದಲಾದವನ್ನು ರಚಿಸುವ ತಂತ್ರಾಂಶಗಳಿಂದ, ಬರೆದಿಟ್ಟ ಆದೇಶಗಳ ಮೂಲಕ, ಕೆಲಸ ಮಾಡಿಸುವ ಸಾಧನಗಳು, ಹಾಗೂ ಆ ಸಾಧನಗಳ ಲಿಖಿತ ವಿವರ. ಈ ವಿವರವನ್ನು ಬಹುಕಾಲ ಓದುತ್ತಿದ್ದವರು ಎಂಜಿನಿಯರುಗಳು ಮತ್ತು ಡಿಟಿಪಿ ಕೆಲಸಗಾರರು. ಈಚೆಗೆ ಎಐ ಏಜೆಂಟ್‌ಗಳೂ, ಎಂದರೆ ಮಾತಿನಲ್ಲಿ ಹೇಳಿದ ಕೆಲಸವನ್ನು ತಾವೇ ಹಂತಹಂತವಾಗಿ ಮಾಡಿ ಮುಗಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ, ಅದನ್ನು ಓದತೊಡಗಿವೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದಲ್ಲಿ ರೇಷ್ಮೆ, ಸರ್ಕ್ಯೂಟ್ ಬೋರ್ಡ್, ಕನ್ನಡ ಅಕ್ಷರ ಜೋಡಣೆ ಮೂರೂ ಸಿಗುವುದರಿಂದ ಈ ಇತಿಹಾಸದ ಮುಖ್ಯ ಘಟ್ಟಗಳನ್ನು ಅಲ್ಲಿಂದಲೇ ಹೇಳಬಹುದು.

ತಿ. ನರಸೀಪುರದ ಸರ್ಕಾರಿ ಫಿಲೇಚರ್‌ನಲ್ಲಿ ಬಿಚ್ಚಿದ ರೇಷ್ಮೆ ನೂಲು ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋಗುತ್ತದೆ. ಆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, 1912ರಲ್ಲಿ ಶುರುವಾದದ್ದು. ರೇಷ್ಮೆ ಸೀರೆಯ ಅಂಚು, ಸೆರಗುಗಳ ಚಿತ್ತಾರಕ್ಕೆ ಬಳಕೆಯಾಗುವ ಜಕಾರ್ಡ್ ಯಂತ್ರ ಫ್ರಾನ್ಸಿನಲ್ಲಿ 1804ರಲ್ಲಿ ರೂಪುಗೊಂಡಿತು. ಗ್ರಾಫ್ ಕಾಗದದ ಒಂದು ಸಾಲಿಗೆ ಒಂದು ರಟ್ಟಿನ ಕಾರ್ಡು. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೂತಿರುತ್ತದೆ. ಯಾವ ಕಾರ್ಡಿನ ನಂತರ ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ, ಕಾರ್ಡುಗಳನ್ನು ದಾರದಿಂದ ಸಾಲಾಗಿ ಹೊಲಿದಿರುತ್ತಾರೆ. ಆದೇಶವೂ ಅದರ ವಿವರವೂ ಹೀಗೆ ಒಂದೇ ಕಟ್ಟಿನಲ್ಲಿದ್ದವು. ಕಂಪ್ಯೂಟರ್ ಬಂದ ಮೇಲೆ ಇವೆರಡೂ ಬೇರೆಬೇರೆಯಾದವು.

ಇದರ ಪರಿಣಾಮ ಚೆನ್ನಾಗಿ ಕಾಣುವುದು ಸರ್ಕ್ಯೂಟ್ ಬೋರ್ಡಿನ ಉದ್ಯಮದಲ್ಲಿ. ನಂಜನಗೂಡಿನಲ್ಲಿ ಬೋರ್ಡು ತಯಾರಿಸುತ್ತಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸನ್ನು 1999ರಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ ಕೊಂಡುಕೊಂಡಿತು. ಇಂಥ ಕಾರ್ಖಾನೆಗೆ ಗಿರಾಕಿಯ ವಿನ್ಯಾಸ ಬರುವುದು ಕಡತವಾಗಿ, ಬಹುಪಾಲು ಗರ್ಬರ್ ನಮೂನೆಯಲ್ಲಿ. 1980ರ ಮೂಲ ಗರ್ಬರ್ ನಮೂನೆಯ ಕಡತ ಹೇಳುತ್ತಿದ್ದದ್ದು ಇಷ್ಟೇ: ಡಿ10 ಆರಿಸಿಕೊ, ಈ ಜಾಗಕ್ಕೆ ಹೋಗು, ಬೆಳಕು ಬಿಡು. ಡಿ10 ಎಂದರೆ ಬೆಳಕಿನಿಂದ ಚಿತ್ರ ಬಿಡಿಸುವ ಪ್ಲಾಟರ್ ಯಂತ್ರದ ಯಾವ ಕಿಂಡಿ, ಅದು ಗುಂಡಗೋ ಚೌಕವೋ, ಎಷ್ಟು ಅಗಲ ಎಂಬುದು ಕಡತದಲ್ಲಿರಲಿಲ್ಲ. ಬೇರೊಂದು ಪಟ್ಟಿಯಲ್ಲಿ ಬರುತ್ತಿತ್ತು. ಆ ಪಟ್ಟಿಯನ್ನು ಯಾರಾದರೂ ಕೂತು ಮತ್ತೆ ಟೈಪು ಮಾಡಬೇಕಾಗಿತ್ತು. ಪಟ್ಟಿ ಕಳೆದರೆ, ಅಥವಾ ಹಳೆಯ ಪಟ್ಟಿ ಬಂದರೆ, ಕಡತದಲ್ಲಿ ಒಂದೂ ತಪ್ಪಿಲ್ಲದಿದ್ದರೂ ಬೋರ್ಡು ಕೆಡುತ್ತಿತ್ತು.

ಗರ್ಬರ್‌ನ 1998ರ ವಿಸ್ತೃತ ರೂಪ ಕಿಂಡಿಗಳ ಅಳತೆಯನ್ನು ಕಡತದೊಳಕ್ಕೇ ತಂದಿತು. ಆದರೂ ಇದು ಮೇಲ್ಭಾಗದ ತಾಮ್ರದ ಪದರವೋ ಸೋಲ್ಡರ್ ಮಾಸ್ಕೋ ಎಂಬುದನ್ನು ಕಡತದ ಹೆಸರು ನೋಡಿ ಊಹಿಸಬೇಕಿತ್ತು. ಬೆಲ್ಜಿಯಂನ ಯುಕ್ಯಾಮ್ಕೊ ಕಂಪನಿ 2014ರಲ್ಲಿ ಹೊರತಂದ ಎಕ್ಸ್2 ರೂಪದಲ್ಲಿ ಪದರ ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ. ಎಐ ಏಜೆಂಟ್‌ಗಳ ಮಾತೇ ಇಲ್ಲದ ಕಾಲದಲ್ಲಿ, ಪರದೆಯನ್ನು ಕಾಣದ, ಪಕ್ಕದವರನ್ನು ಕೇಳಲಾರದ ಓದುಗನಿಗಾಗಿ ನಡೆದ ಕೆಲಸವಿದು. ಏಜೆಂಟ್‌ಗಳಿಗೆ ಬರೆಯುವ ಇಂದಿನ ಕೈಪಿಡಿಗಳಿಗೆ ಇದಕ್ಕಿಂತ ಒಳ್ಳೆಯ ಪೂರ್ವಪಾಠ ಸಿಗುವುದು ಕಷ್ಟ.

ವಿನ್ಯಾಸಕಾರರ ಕಡೆ ಆಟೋಕ್ಯಾಡ್ 1986ರಲ್ಲಿ ಆಟೋಲಿಸ್ಪ್ ಭಾಷೆಯನ್ನು ಸೇರಿಸಿಕೊಂಡಿತು. 1996ರ ಫೋಟೋಶಾಪ್ 4ರಲ್ಲಿ ಆಕ್ಷನ್‌ಗಳು ಬಂದವು. ಮಾಡಿದ ಕೆಲಸವನ್ನು ದಾಖಲಿಸಿಕೊಂಡು ಒಂದೇ ಗುಂಡಿಯಲ್ಲಿ ಮರಳಿ ಮಾಡಿಸುವ ಈ ಸೌಲಭ್ಯ ಸ್ಟುಡಿಯೋಗಳಿಗೆ ವರವಾಯಿತು. ಆದರೆ ಆಕ್ಷನ್‌ನಲ್ಲಿ ಏನು ಮಾಡಿದ್ದು ಎಂಬುದಿರುತ್ತದೆ. ಏಕೆ, ಯಾವ ಅಳತೆಯ ಫೋಟೋಗೆ ಎಂಬುದು ಬರೆದಿಟ್ಟರೆ ಉಂಟು. ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್, ಕೋರೆಲ್‌ಡ್ರಾ ಕಲಿತವರಲ್ಲಿ ಹಲವರು ಇನ್ನೊಬ್ಬರ ಪಕ್ಕ ಕೂತು ಕಲಿತವರೇ. ಕೆಲಸ ಬಲ್ಲವರು ಅಂಗಡಿ ಬಿಟ್ಟರೆ ಕೆಲಸದ ಕ್ರಮವೂ ಅವರ ಜತೆಗೇ ಹೋಗುತ್ತದೆ.

ಎಐ ಏಜೆಂಟ್‌ಗಳು ಇಂಥ ಸಾಧನಗಳನ್ನು ಬಳಸಲೆಂದು 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಮುಕ್ತ ಕ್ರಮವನ್ನು ಪ್ರಕಟಿಸಿತು. ಇದರಲ್ಲಿ ಪ್ರತಿ ಸಾಧನಕ್ಕೂ ಒಂದು ಹೆಸರು, ಸಾದಾ ಮಾತಿನ ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಇರುತ್ತವೆ. ಸಾಧನ ಬರೀ ಓದುವಂಥದೋ, ಇದ್ದದ್ದನ್ನು ಅಳಿಸಬಲ್ಲದೋ ಎಂಬ ಸೂಚನೆಯನ್ನೂ 2025ರಿಂದ ಸೇರಿಸಬಹುದಾಗಿದೆ. ಆ ವರ್ಷದ ಜೂನ್‌ನಲ್ಲಿ ವಿನ್ಯಾಸ ತಂತ್ರಾಂಶ ಫಿಗ್ಮಾ ಇದೇ ಕ್ರಮದ ಸರ್ವರ್ ಒದಗಿಸಿತು. ಬೋರ್ಡು ವಿನ್ಯಾಸದ ಮುಕ್ತ ತಂತ್ರಾಂಶ ಕಿಕ್ಯಾಡ್ 1992ರಷ್ಟು ಹಳೆಯದು. ಅದರ 9ನೇ ಆವೃತ್ತಿ (2025) ಹೊರಗಿನ ಪ್ರೋಗ್ರಾಂಗಳು ಮಾತಾಡಿಸಲು ಹೊಸ ಬಾಗಿಲು ತೆರೆಯಿತು, ಆ ಆವೃತ್ತಿಯಲ್ಲಿ ಬೋರ್ಡಿನ ಭಾಗಕ್ಕೆ ಮಾತ್ರ. ವಿವರಣೆಯಲ್ಲಿ ಎಡವುವುದು ಹೆಚ್ಚಾಗಿ ಅಳತೆಯಲ್ಲಿ. ಕಿಕ್ಯಾಡ್ ಒಳಗೆ ಬೋರ್ಡಿನ ಲೆಕ್ಕವಿಡುವುದು ನ್ಯಾನೋಮೀಟರಿನಲ್ಲಿ, 1 ಮಿಲಿಮೀಟರ್ ಅಲ್ಲಿ 10,00,000. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಬರೀ ಅಂಕಿ ಕೊಟ್ಟರೆ ಅದು ಸೆಂಟಿಮೀಟರೋ ಪಾಯಿಂಟೋ ಎಂಬುದನ್ನು ಆ ಹೊತ್ತಿನ ರೂಲರ್ ನಿರ್ಧರಿಸುತ್ತದೆ. ಮನುಷ್ಯ ಪರದೆ ನೋಡಿ ಸರಿಮಾಡಿಕೊಳ್ಳುತ್ತಾನೆ. ಏಜೆಂಟ್‌ಗೆ ಬರೆದು ಹೇಳಬೇಕು.

ಕನ್ನಡದ ತೊಡಕು ಇನ್ನೊಂದು ಬಗೆಯದು. ಯೂನಿಕೋಡ್‌ನಲ್ಲಿ 1991ರಿಂದ ಕನ್ನಡವಿದ್ದರೂ ವಿನ್ಯಾಸ ತಂತ್ರಾಂಶಗಳು ಬಹುಕಾಲ ಅದನ್ನು ಸರಿಯಾಗಿ ಮೂಡಿಸುತ್ತಿರಲಿಲ್ಲ. ಇನ್‌ಡಿಸೈನ್‌ಗೆ ಕನ್ನಡ ಬಂದದ್ದು 2012ರ ಸಿಎಸ್6ರಲ್ಲಿ. ಅಲ್ಲಿಯವರೆಗೆ, ಆಮೇಲೂ, ಜಾತ್ರೆಯ ಕರಪತ್ರದಿಂದ ಲಗ್ನಪತ್ರಿಕೆಯವರೆಗೆ ಹೆಚ್ಚಿನವು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ನಡೆದವು. ಇವು ರೋಮನ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವ ಪದ ನುಡಿ ಕಡತದೊಳಗೆ ರೋಮನ್ ‘ಪಿ’ಯಿಂದ ಶುರುವಾಗುತ್ತದೆ. ‘ಪಠ್ಯವನ್ನು ಓದು’ ಎಂಬ ಸಾಧನವನ್ನು ಇಂಥ ಕಡತದ ಮೇಲೆ ಬಿಟ್ಟರೆ ಅದಕ್ಕೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಆದ್ದರಿಂದ ಆ ಸಾಧನದ ವಿವರಣೆಯಲ್ಲಿ ಫಾಂಟಿನ ಹೆಸರನ್ನೂ ಕೇಳಬೇಕು, ಯಾವ ಫಾಂಟಿಗೆ ಯಾವ ಪರಿವರ್ತಕ ಎಂಬುದನ್ನೂ ಹೇಳಬೇಕು. ಪರಿವರ್ತಕವಿದ್ದರೂ ಒಂದಕ್ಕೊಂದು ಅಕ್ಷರ ಬದಲಿಸಿದರೆ ಸಾಲದು: ‘ಧರ್ಮ’ದ ಅರ್ಕಾವತ್ತು ನುಡಿಯಲ್ಲಿ ಕಂಡಂತೆಯೇ ‘ಮ’ದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ’ಕಾರ ‘ಮ’ಕ್ಕಿಂತ ಮೊದಲು ಬರಬೇಕು.