ಧರ್ಮಕೇಂದ್ರದ ಸಂಗೀತ ಸೇವಕ ಯೊಹಾನ್ ಸೆಬಾಸ್ಟಿಯನ್ ಬಾಕ್

ನಮ್ಮ ದೇವಾಲಯಗಳಲ್ಲಿ ಮದುವೆಯ ಬಲಿಪೂಜೆಯ ವೇಳೆ ಗಾಯನ ಮಂಡಳಿಯವರು ಗುನೋ ಅವರ 'ಆವೆ ಮರಿಯಾ' ಹಾಡುವುದನ್ನು ನಾವು ಕೇಳಿದ್ದೇವೆ. ಆ ಹಾಡಿನ ರಾಗ ಫ್ರಾನ್ಸಿನ ಕಥೋಲಿಕ ಸಂಗೀತಗಾರ ಷಾರ್ಲ್ ಗುನೋ ಅವರದು. ಆದರೆ ಅದರ ಕೆಳಗೆ ಒಂದೇ ಸಮನೆ ಹರಿಯುವ ವಾದ್ಯಸಂಗೀತವನ್ನು ಬರೆದವರು ಜರ್ಮನಿಯ ಲೂಥರನ್ ವಿಶ್ವಾಸಿ ಯೊಹಾನ್ ಸೆಬಾಸ್ಟಿಯನ್ ಬಾಕ್. ಬರೋಕ್ ಕಾಲದ ಈ ಮಹಾನ್ ಸಂಗೀತ ರಚನಕಾರರನ್ನು ಲೋಕವೇ ಕೊಂಡಾಡುತ್ತದೆ. ಜೀವಮಾನದ ಬಹುಪಾಲು ಅವರು ಮಾಡಿದ್ದು ಮಾತ್ರ ನಮ್ಮ ಗಾಯನ ಮಂಡಳಿಯ ನಾಯಕರು ಮಾಡುವಂಥ ಕೆಲಸವನ್ನೇ.

ಬಾಲ್ಯ ಮತ್ತು ಕಲಿಕೆ

ಬಾಕ್ ಅವರು ಜನಿಸಿದ್ದು 1685ರ ಮಾರ್ಚ್ 21ರಂದು, ಐಸೆನಾಖ್ ಪಟ್ಟಣದಲ್ಲಿ. ಅವರದು ಸಂಗೀತಗಾರರ ಮನೆತನ. 10 ವರ್ಷ ತುಂಬುವಷ್ಟರಲ್ಲಿ ತಾಯಿ-ತಂದೆ ಇಬ್ಬರೂ ತೀರಿಕೊಂಡಾಗ ಅಣ್ಣನೇ ಸಾಕಿ ಸಂಗೀತ ಕಲಿಸಿದರು. 1703ರಲ್ಲಿ ಆರ್ನ್‌ಸ್ಟಾಟ್ ಪಟ್ಟಣದ ದೇವಾಲಯದಲ್ಲಿ ಆರ್ಗನ್ ವಾದಕರಾದರು. 1705ರಲ್ಲಿ ಹಿರಿಯ ವಾದಕ ಬುಕ್ಸ್ಟೆಹೂಡೆ ಅವರ ಸಂಗೀತ ಕೇಳಲೆಂದು ಸುಮಾರು 400 ಕಿ.ಮೀ. ನಡೆದು ಲ್ಯೂಬೆಕ್ ತಲುಪಿದರು. ಪಡೆದದ್ದು ನಾಲ್ಕು ವಾರಗಳ ರಜೆ, ಉಳಿದದ್ದು ಸುಮಾರು ನಾಲ್ಕು ತಿಂಗಳು. ಮರಳಿದಾಗ ಸಭೆಯ ಹಿರಿಯರಿಂದ ಬೈಸಿಕೊಂಡರು!

ಕೊರತೆಗಳ ನಡುವೆ ಸೇವೆ

1723ರಲ್ಲಿ ಲೈಪ್‌ಜಿಗ್ ನಗರದಲ್ಲಿ ದೇವಾಲಯಗಳ ಸಂಗೀತದ ಹೊಣೆ ಹಾಗೂ ಸಂತ ತೋಮರ ಶಾಲೆಯ ಹುಡುಗರಿಗೆ ಹಾಡು ಕಲಿಸುವ ಕೆಲಸ ಅವರಿಗೆ ದೊರೆಯಿತು. ಮರಣದವರೆಗೂ, ಅಂದರೆ 27 ವರ್ಷ, ಅಲ್ಲಿಯೇ ದುಡಿದರು. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದರಂತೆ, ಆಯಾ ಭಾನುವಾರದ ಶುಭಸಂದೇಶಕ್ಕೆ ಹೊಂದುವ 'ಕಂಟಾಟ' ಎಂಬ ಗೀತಗುಚ್ಛ ಸಿದ್ಧವಾಗಬೇಕಿತ್ತು. ಬರೆಯುವುದು, ಪ್ರತಿ ಮಾಡಿಸುವುದು, ಹುಡುಗರಿಗೆ ಕಲಿಸುವುದು, ಎಲ್ಲವೂ ವಾರದೊಳಗೆ ಮುಗಿಯಬೇಕು. ಅವರ ಇಂಥ ಸುಮಾರು 200 ಕೃತಿಗಳು ಇಂದಿಗೂ ಉಳಿದಿವೆ.

ಹಾಡುಗಾರರು ಸಾಲದ ಚಿಂತೆ ಅವರಿಗೂ ಇತ್ತು. 1730ರ ಆಗಸ್ಟ್‌ನಲ್ಲಿ ನಗರಸಭೆಗೆ ಬರೆದ ಮನವಿಯಲ್ಲಿ, ತಮ್ಮ ಹುಡುಗರಲ್ಲಿ 17 ಮಂದಿ ಹಾಡಬಲ್ಲವರು, 20 ಮಂದಿ ಇನ್ನೂ ಕಲಿಯಬೇಕಾದವರು, 17 ಮಂದಿ ಹಾಡಿಗೆ ಒಗ್ಗದವರು ಎಂದು ಲೆಕ್ಕ ಕೊಟ್ಟಿದ್ದರು. ಇದೇ ತಂಡಗಳನ್ನು ಕಟ್ಟಿಕೊಂಡು ಅವರು ನಡೆಸಿದ ಸಂಗೀತವನ್ನು ನಾವು ಇಂದು ಬೆರಗಿನಿಂದ ಕೇಳುತ್ತೇವೆ.

ವಿಶ್ವಾಸದ ಬದುಕು

ಅವರ ಮನೆಯಲ್ಲಿ ಸಾವು ಹೊಸದಾಗಿರಲಿಲ್ಲ. 1720ರಲ್ಲಿ ಪರಊರಿನ ಕೆಲಸ ಮುಗಿಸಿ ಮರಳುವಷ್ಟರಲ್ಲಿ ಪತ್ನಿ ಮರಿಯಾ ಬಾರ್ಬರಾ ತೀರಿಕೊಂಡು, ಮಣ್ಣೂ ಆಗಿಹೋಗಿತ್ತು. ಮರುವರ್ಷ ಆನ್ನಾ ಮಗ್ದಲೇನಾ ಅವರನ್ನು ವರಿಸಿದರು. ಇಬ್ಬರು ಪತ್ನಿಯರಿಂದ ಹುಟ್ಟಿದ 20 ಮಕ್ಕಳಲ್ಲಿ ದೊಡ್ಡವರಾಗಿ ಬೆಳೆದದ್ದು 10 ಮಂದಿ ಮಾತ್ರ.

ಹಲವು ಹಸ್ತಪ್ರತಿಗಳ ಕೊನೆಗೆ ಅವರು 'ದೇವರಿಗೆ ಮಾತ್ರ ಮಹಿಮೆ' ಎಂಬರ್ಥದ ಲತೀನ್ ಪದಗಳ ಮೂರು ಮೊದಲಕ್ಷರಗಳನ್ನು ಬರೆಯುತ್ತಿದ್ದರು. ಅವರ ಬೈಬಲ್ ವ್ಯಾಖ್ಯಾನ ಗ್ರಂಥ 1934ರಲ್ಲಿ ಅಮೆರಿಕದ ಒಂದು ಮನೆಯಲ್ಲಿ ಪತ್ತೆಯಾಯಿತು. ಯೆರೂಸಲೇಮಿನ ದೇವಾಲಯದಲ್ಲಿ ಗಾಯಕರು ಹಾಡಿದಾಗ ದೇವರ ಮಹಿಮೆ ತುಂಬಿದ ಪ್ರಸಂಗದ ಪಕ್ಕದಲ್ಲಿ, ಭಕ್ತಿಯಿಂದ ಹಾಡುವಲ್ಲಿ ದೇವರು ಕೃಪೆಯೊಡನೆ ಇರುತ್ತಾರೆ ಎಂಬ ಅರ್ಥದ ಟಿಪ್ಪಣಿ ಅವರದೇ ಕೈಬರಹದಲ್ಲಿದೆ.

ಕಥೋಲಿಕ ಆರಾಧನೆಗೂ ಅವರು ಹೊರಗಿನವರಲ್ಲ. ಮಾತೆ ಮರಿಯಳ ಸ್ತುತಿಗೀತೆಗೆ ಲತೀನಿನಲ್ಲೇ ಸಂಗೀತ ಕೂಡಿಸಿದರು. 1733ರಲ್ಲಿ ಬಲಿಪೂಜೆಯ ಎರಡು ಭಾಗಗಳನ್ನು ಡ್ರೆಸ್ಡನ್‌ನ ಕಥೋಲಿಕ ದೊರೆಗೆ ಅರ್ಪಿಸಿ, ಕೊನೆಯ ವರ್ಷಗಳಲ್ಲಿ ಅದನ್ನೇ ಪೂರ್ಣ ಬಲಿಪೂಜೆಯ ಸಂಗೀತವಾಗಿ ಬೆಳೆಸಿದರು.

ಪಾರಿಜಾತ ಬಲ್ಲವರಿಗೆ 'ಪ್ಯಾಶನ್'

ಯೇಸುಸ್ವಾಮಿಯ ಯಾತನೆಯನ್ನು ಹಾಡಿನಲ್ಲೇ ನಿರೂಪಿಸುವ 'ಪ್ಯಾಶನ್' ಬಾಕ್ ಅವರ ಹಿರಿಮೆಯ ರಚನೆ. ಸಂತ ಯೊವಾನ್ನರ ಪ್ರಕಾರದ್ದು 1724ರಲ್ಲಿ, ಸಂತ ಮತ್ತಾಯರ ಪ್ರಕಾರದ್ದು 1727ರಲ್ಲಿ ಶುಭಶುಕ್ರವಾರದಂದು ಮೊದಲು ಹಾಡಲ್ಪಟ್ಟವು.

ಇದು ನಮ್ಮವರಿಗೆ ತೀರಾ ಅಪರಿಚಿತವಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಶ್ರೀಕೃಷ್ಣ ಪಾರಿಜಾತ ಗೊತ್ತು. ಆ ಸೀಮೆಯ ಕುಲಗೋಡದ ತಮ್ಮಣ್ಣ, ಕೌಜಲಗಿಯ ನಿಂಗಮ್ಮ ಅವರ ಹೆಸರುಗಳು ಆ ಆಟದೊಂದಿಗೆ ಬೆಸೆದುಕೊಂಡಿವೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಜನಿಸಿದ ಚಂದ್ರಶೇಖರ ಕಂಬಾರರ ನಾಟಕಗಳಿಗೂ ಬಯಲಾಟದ ಹಾಡೇ ಜೀವಾಳ. ಆಟದಲ್ಲಿ ಭಾಗವತರು ಕಥೆ ನಡೆಸುತ್ತಾರೆ, ಪಾತ್ರಗಳು ಹಾಡುತ್ತವೆ, ಹಿಮ್ಮೇಳ ದನಿಗೂಡಿಸುತ್ತದೆ. ಕರಾವಳಿಯ ನಮಗೆ ಯಕ್ಷಗಾನದ ಭಾಗವತರು ಗೊತ್ತೇ ಇದ್ದಾರೆ. ಪ್ಯಾಶನ್‌ನಲ್ಲಿ ಭಾಗವತರ ಸ್ಥಾನದಲ್ಲಿರುವ ಗಾಯಕ ಶುಭಸಂದೇಶದ ವಾಕ್ಯಗಳನ್ನೇ ಹಾಡುತ್ತಾನೆ. ವೇಷವಿಲ್ಲ, ಕುಣಿತವಿಲ್ಲ. ನಡುನಡುವೆ ಜನರಿಗೆ ಬಾಯಿಪಾಠವಾಗಿದ್ದ ಸಭೆಯ ಹಾಡುಗಳು ಬರುತ್ತವೆ. ಯೇಸು ಪ್ರಾಣ ಬಿಟ್ಟೊಡನೆ ಕೇಳಿಬರುವುದು, ತನ್ನ ಸಾವಿನ ಗಳಿಗೆಯಲ್ಲೂ ಪ್ರಭುವಿನ ಆಸರೆ ಬೇಡುವ ಅಂಥದ್ದೇ ಒಂದು ಹಾಡು.

ಆ ಹಾಡಿನ ಬೇರು ಮಧ್ಯಯುಗದ ಕಥೋಲಿಕ ಲತೀನ್ ಪ್ರಾರ್ಥನೆಯಲ್ಲಿದೆ. ರಾಗವೋ 1601ರ ಒಂದು ಪ್ರೇಮಗೀತೆಯದು. ಲೂಥರನ್ ಸಭೆಯಲ್ಲಿ ಬೆಳೆದು, ತಪಸ್ಸುಕಾಲದ ಗೀತೆಯಾಗಿ ಅದು ಕಥೋಲಿಕ ದೇವಾಲಯಗಳಿಗೆ ಮರಳಿ ಬಂದಿದೆ.

ಮರೆವು ಮತ್ತು ಪುನರುತ್ಥಾನ

ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ಬಾಕ್ ಅವರು 1750ರ ಜುಲೈ 28ರಂದು ನಿಧನರಾದರು. ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. ಅವರ ಪ್ಯಾಶನ್ ದಶಕಗಳ ಕಾಲ ಮೂಲೆ ಸೇರಿತ್ತು. 1829ರಲ್ಲಿ 20 ವರ್ಷದ ಮೆಂಡೆಲ್‌ಸನ್ ಬರ್ಲಿನ್‌ನಲ್ಲಿ ಅದನ್ನು ಮತ್ತೆ ಹಾಡಿಸಿದಾಗ ಲೋಕ ಅದರತ್ತ ಕಿವಿಗೊಟ್ಟಿತು.

ಐದು ವರ್ಷಗಳ ಬಳಿಕ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು. ಮುಂದೆ ಧಾರವಾಡ, ಹುಬ್ಬಳ್ಳಿಗಳಿಗೂ ಹೋದರು. ಬಾಕ್ ಅವರ ಕೃತಿಗಳಿಗೆ ಆಧಾರವಾಗಿದ್ದ ಜರ್ಮನ್ ಸಭಾಗೀತೆಗಳ ಪರಂಪರೆ ಹೀಗೆ ಅವರೊಂದಿಗೆ ನಮ್ಮ ನಾಡಿಗೆ ಬಂದು, ಆ ರಾಗಗಳಿಗೆ ಕನ್ನಡದ ಪದಗಳು ಕೂಡಿದವು.

ನಮಗೊಂದು ಪಾಠ

ನಮ್ಮ ಅನೇಕ ಗಾಯನ ಮಂಡಳಿಗಳಲ್ಲಿ ಯುವಜನರು ಓದಿಗೆ, ಕೆಲಸಕ್ಕೆ ಊರು ಬಿಡುತ್ತಿದ್ದಾರೆ. ಕಲಿಸುವವರು ಬೇಸರಪಟ್ಟು ಕೈಬಿಟ್ಟರೆ ಮುಂದಿನ ಪೀಳಿಗೆಗೆ ಹಾಡು ದಾಟದು. ಬಾಕ್ ಅವರು ಕೊರತೆಯನ್ನು ಮುಚ್ಚಿಡಲಿಲ್ಲ. ಬೇಕಾದದ್ದನ್ನು ಗಟ್ಟಿಯಾಗಿ ಕೇಳಿದರು, ಇದ್ದವರಿಗೆ ಕಲಿಸಿದರು, ಭಾನುವಾರದ ಆರಾಧನೆಯನ್ನು ತಪ್ಪಿಸಲಿಲ್ಲ. ಈ ವಾರ ನಾಲ್ಕೇ ಮಂದಿ ಅಭ್ಯಾಸಕ್ಕೆ ಬಂದರೂ ಆ ನಾಲ್ವರೊಂದಿಗೆ ನಾವೂ ಆರಂಭಿಸೋಣ.